ಬಯಲಿನ ಒಲೆಯೂ ಭಾರವಾದ ಅನಿಲವೂ

ಶ್ರಾವಣ ಮಾಸದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆ ಹೋದವರು ಅಲ್ಲಿಯ ಕೈಗಾಡಿಗಳ ಸಾಲನ್ನು ನೋಡಿಯೇ ಇರುತ್ತಾರೆ. ಅಗಲವಾದ ಕಬ್ಬಿಣದ ಹಂಚು, ಅದರ ಕೆಳಗೆ ಅನಿಲದ ಒಲೆ, ಗಾಡಿಯ ಅಡಿಯಲ್ಲಿ ಸಿಲಿಂಡರು, ಗಾಳಿಗೆ ಅಡ್ಡವಾಗಿ ಸುತ್ತಲೂ ಕಟ್ಟಿದ ತಾಡಪತ್ರಿ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿಯೂ ಸಂಜೆಯ ಹೊತ್ತಿಗೆ ಇದೇ ನೋಟ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ತರಗತಿಗಳು ಮುಗಿದ ಮೇಲೆ ಇಂಥ ಗಾಡಿಗಳಲ್ಲಿ ತಂದೆತಾಯಿಗಳಿಗೆ ನೆರವಾಗುತ್ತಾರೆ. ಅವರಲ್ಲೊಬ್ಬನನ್ನು ಸಿಲಿಂಡರಿನ ಭಯವಿಲ್ಲವೆ ಎಂದು ಕೇಳಿದೆ. "ಮನ್ಯಾಗಾದ್ರ ಅಂಜಿಕಿ ರೀ ಸರ್. ಇಲ್ಲಿ ಬಯಲು ಐತಲ್ರಿ, ಗ್ಯಾಸ್ ಹಾರಿ ಹೋಗತೈತಿ" ಎಂದ.

ಉತ್ತರವು ಸಹಜವಾದುದೇ. ಆದರೆ ಆ ಅನಿಲವು ಹಾರುವ ಜಾತಿಯದಲ್ಲ. ನಮ್ಮ ಸಿಲಿಂಡರುಗಳಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡದಿಂದ ಅದನ್ನು ದ್ರವವಾಗಿಸಿ ತುಂಬಿರುತ್ತಾರೆ. ಪ್ರೊಪೇನಿನ ಅಣುತೂಕ 44, ಬ್ಯೂಟೇನಿನದು 58. ಗಾಳಿಯ ಸರಾಸರಿ ಅಣುತೂಕವಾದರೋ ಕೇವಲ 29. ಆದುದರಿಂದ ಇವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದವು. ಸೋರಿದ ಅನಿಲವು ಹೊಗೆಯಂತೆ ಮೇಲಕ್ಕೇರದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. ಬೀಸುಗಾಳಿಯು ಅದನ್ನು ಚದುರಿಸಬಲ್ಲದೆಂಬುದು ನಿಜ. ಆದರೆ ಆ ಗಾಳಿಯನ್ನೇ ತಡೆಯುವುದಕ್ಕಾಗಿಯಲ್ಲವೆ ನಾವು ತಾಡಪತ್ರಿಯನ್ನು ಕಟ್ಟಿದುದು?

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಆಷಾಢ ಶ್ರಾವಣಗಳ ಗಾಳಿ ನಮ್ಮ ಸೀಮೆಯಲ್ಲಿ ಎಂಥದೆಂಬುದನ್ನು ಹೇಳಬೇಕಾಗಿಲ್ಲ. ಅದರ ಒಂದು ಹೊಡೆತಕ್ಕೆ ಹಂಚಿನಡಿಯ ಉರಿ ಆರಿತೆನ್ನಿ. ಹಂಚು ದಪ್ಪನಾದುದು, ಉರಿಯಿಲ್ಲದಿದ್ದರೂ ಬಹಳ ಹೊತ್ತು ಕಾದೇ ಇರುತ್ತದೆ. ಗಿರಾಕಿಗಳ ಗದ್ದಲದಲ್ಲಿ ಕಾಲು ಗಂಟೆಯವರೆಗೆ ಯಾರ ಗಮನಕ್ಕೂ ಬರಲಿಲ್ಲವೆಂದು ಭಾವಿಸಿರಿ. ಗಂಟೆಗೆ 200 ಗ್ರಾಮ್ ಅನಿಲವನ್ನು ಉರಿಸುವ ಬರ್ನರಿನಿಂದ ಅಷ್ಟರಲ್ಲಿ 50 ಗ್ರಾಮ್ ಅನಿಲ ಹೊರಬಿದ್ದಿರುತ್ತದೆ. ಇದರ ಗಾತ್ರ ಸುಮಾರು 22 ಲೀಟರು. ಗಾಳಿಯಲ್ಲಿ ಈ ಅನಿಲವು ಶೇಕಡ 2ರಷ್ಟು ಬೆರೆತರೂ ಸಾಕು, ಮಿಶ್ರಣವು ಕಿಡಿ ತಗುಲಿದೊಡನೆ ಹೊತ್ತಿಕೊಳ್ಳಬಲ್ಲದು. ಎಂದರೆ 22 ಲೀಟರು ಅನಿಲವು 1,100 ಲೀಟರು ಗಾಳಿಯನ್ನು ಅಪಾಯಕಾರಿಯನ್ನಾಗಿ ಮಾಡೀತು. ಎರಡು ಮೀಟರು ಉದ್ದ, ಒಂದು ಮೀಟರು ಅಗಲದ ಗಾಡಿಯ ಕೆಳಗೆ ಅರ್ಧ ಮೀಟರಿಗೆ ತುಸು ಹೆಚ್ಚು ಎತ್ತರದ ಜಾಗವಿದ್ದರೆ ಅದರ ಗಾತ್ರ ಸರಿಸುಮಾರು ಇಷ್ಟೇ! ಹೊರಬಂದ ಅನಿಲವೆಲ್ಲ ಅಲ್ಲಿಯೇ ನಿಲ್ಲುವುದಿಲ್ಲ, ಸಮನಾಗಿ ಬೆರೆಯುವುದೂ ಇಲ್ಲ. ಆದರೂ ನಾಲ್ಕೂ ಕಡೆ ಮುಚ್ಚಿದ ಗಾಡಿಯ ಅಡಿಭಾಗವು ಬಯಲಲ್ಲ, ಅದೊಂದು ಕೋಣೆ. ಮತ್ತು ಸಿಲಿಂಡರು ಕುಳಿತಿರುವುದು ಆ ಕೋಣೆಯೊಳಗೇ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಗಾಳಿಯ ಮರೆಯು ಬರ್ನರಿನ ಮಟ್ಟದಲ್ಲಿ ಮಾತ್ರ, ಬೆಂಕಿ ಹಿಡಿಯದ ತಗಡಿನದಾಗಿರಲಿ, ಕೆಳಭಾಗವು ತೆರೆದಿರಲಿ. ಸಿಲಿಂಡರನ್ನು ಒಲೆಯ ನೇರ ಕೆಳಗಿಡದೆ ಪಕ್ಕಕ್ಕೆ ಸರಿಸಿ, ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ನಮ್ಮ ಎರೆಮಣ್ಣು ಮಳೆ ಬಿದ್ದೊಡನೆ ಕುಸಿಯುವುದರಿಂದ ಕೆಳಗೊಂದು ಫರ್ಸಿ ಕಲ್ಲು ಅಗತ್ಯ. ಚರಂಡಿಯ ಅಂಚು ಮಾತ್ರ ಎಂದಿಗೂ ಬೇಡ. ಉರಿ ಆರಿದ್ದು ಕಂಡರೆ ಕೂಡಲೇ ಕಡ್ಡಿ ಗೀರುವುದು ನಮ್ಮೆಲ್ಲರ ಅಭ್ಯಾಸ. ಅದು ತಪ್ಪು. ಮೊದಲು ಅನಿಲವನ್ನು ನಿಲ್ಲಿಸಿ, ಪಕ್ಕದ ಗಾಡಿಯವರಿಗೂ ಹೇಳಿ, ಗಾಳಿಯಾಡಿ ವಾಸನೆ ಪೂರ್ಣವಾಗಿ ಹೋಗುವವರೆಗೆ ಕಾಯಬೇಕು. ಆ ವಾಸನೆಯೂ ಅನಿಲದ್ದಲ್ಲ. ಸೋರಿಕೆ ತಿಳಿಯಲೆಂದು ಬೆರೆಸಿದ ಮರ್ಕ್ಯಾಪ್ಟನ್ ಎಂಬ ವಸ್ತುವಿನದು. ಕರಿದ ಮೆಣಸಿನಕಾಯಿಯ ಘಾಟಿನಲ್ಲಿ ಅದು ಮೂಗಿಗೆ ತಿಳಿಯದೆ ಹೋಗಬಹುದಾದುದರಿಂದ ಕಣ್ಣು ಆಗಾಗ ಉರಿಯ ಕಡೆಗಿರಬೇಕು. ಕೊಳವೆಯ ಸೋರಿಕೆಯನ್ನು ಸಾಬೂನಿನ ನೊರೆ ಹಚ್ಚಿ ಗುಳ್ಳೆಗಳಿಂದ ಪತ್ತೆಮಾಡಬೇಕೇ ಹೊರತು ಕಡ್ಡಿ ಗೀರಿ ಅಲ್ಲ. ಸೋರಿಕೆ ನಿಲ್ಲದಿದ್ದರೆ ಜನರನ್ನು ಗಾಳಿ ಬರುವ ದಿಕ್ಕಿಗೆ ದೂರ ಕಳುಹಿಸಿ, ತಾವೂ ದೂರ ಸರಿದು 1906ಕ್ಕೆ ಕರೆ ಮಾಡುವುದು ಕ್ಷೇಮ.

ಹಂಚಿನ ಅಗಲವೂ ವಿಚಾರಾರ್ಹವಾದುದು. ಒಂದು ಪಾಲು ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಒಲೆಯನ್ನು ಸಂಪೂರ್ಣ ಮುಚ್ಚುವ ಹಂಚನ್ನಿಟ್ಟರೆ ಬಿಸಿ ಹೊಗೆಗೆ ಹೊರದಾರಿಯಿಲ್ಲ, ಹೊಸ ಗಾಳಿಗೆ ಒಳದಾರಿಯಿಲ್ಲ. ಆಗ ನೀಲಿಯ ಉರಿ ಹಳದಿಗೆ ತಿರುಗುತ್ತದೆ, ಹಂಚಿನ ತಳಕ್ಕೆ ಮಸಿ ಹಿಡಿಯುತ್ತದೆ, ಬಣ್ಣವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವೂ ಹುಟ್ಟುತ್ತದೆ. ಹಿಂದಿರುಗಿದ ಶಾಖವು ಒಲೆಯ ತಿರುಪುಗಳನ್ನೂ ರಬ್ಬರಿನ ಕೊಳವೆಯನ್ನೂ ಬೇಯಿಸುತ್ತದೆ. ಹಂಚಿಗೂ ಒಲೆಗೂ ನಡುವೆ ಸುತ್ತಲೂ ಸಂದು ಬಿಟ್ಟರೆ ಇದಾವುದೂ ಇಲ್ಲ, ಅನಿಲವೂ ಉಳಿಯುತ್ತದೆ.

ಸಂಕ್ರಾಂತಿಯ ಚಳಿಯಲ್ಲಿ ಬೇರೊಂದು ತೊಂದರೆ. ಸಿಲಿಂಡರಿನ ದ್ರವವು ಅನಿಲವಾಗಲು ಶಾಖ ಬೇಕು. ಅದನ್ನು ತನ್ನಿಂದಲೂ ಲೋಹದಿಂದಲೂ ಹೀರಿ ತಣ್ಣಗಾಗುತ್ತದೆ. ಹೊರಮೈ ಬೆವರುತ್ತದೆ, ಒಮ್ಮೊಮ್ಮೆ ಹಿಮವೂ ಕಟ್ಟುತ್ತದೆ. ಪ್ರೊಪೇನ್ ಶೂನ್ಯಕ್ಕಿಂತ 42 ಡಿಗ್ರಿ ಕೆಳಗೆ ಕುದಿಯುವುದರಿಂದ ಅದಕ್ಕೆ ಚಿಂತೆಯಿಲ್ಲ. ಬ್ಯೂಟೇನಾದರೋ ಹೆಚ್ಚುಕಡಿಮೆ ಶೂನ್ಯದಲ್ಲಿಯೇ ಕುದಿಯುವುದನ್ನು ನಿಲ್ಲಿಸುತ್ತದೆ. ಉರಿ ಸಣ್ಣದಾದೊಡನೆ ಕೆಲವರು ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ. ಆಗ ಕೊಳವೆಗೆ ಬರುವುದು ಅನಿಲವಲ್ಲ, ದ್ರವ. ಒಂದು ಲೀಟರು ದ್ರವವು ಸುಮಾರು 250 ಲೀಟರು ಅನಿಲವಾಗುವುದರಿಂದ ಉರಿಯು ಆಳೆತ್ತರಕ್ಕೆ ಚಿಮ್ಮಬಹುದು. ಒಂದೇ ಸಿಲಿಂಡರಿಗೆ ಹಲವು ಬರ್ನರುಗಳನ್ನು ಜೋಡಿಸದಿರುವುದೇ ಇದಕ್ಕೆ ಸರಿಯಾದ ಉಪಾಯ.

ಇನ್ನು ಅಂಗಡಿಯನ್ನು ಮುಚ್ಚುವ ಕ್ರಮ. ಒಲೆಯ ತಿರುಪನ್ನಷ್ಟೇ ತಿರುಗಿಸಿ ಹೊರಟರೆ ಕೊಳವೆಯಲ್ಲಿ ಅನಿಲವು ರಾತ್ರಿಯೆಲ್ಲ ಒತ್ತಡದಲ್ಲಿಯೇ ಇರುತ್ತದೆ. ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿರಿ. ಕೊಳವೆಯಲ್ಲಿ ಉಳಿದುದು ಕೆಲವು ಕ್ಷಣಗಳಲ್ಲಿ ಉರಿದು ತಾನಾಗಿಯೇ ಆರುತ್ತದೆ. ಒಲೆಯ ತಿರುಪನ್ನು ಆಮೇಲೆ ಮುಚ್ಚಿರಿ.