ಫ್ಲೈವೀಲ್ ಹೈಬ್ರಿಡ್: ಭಾರದ ಭ್ರಮೆ

ಹಿಟ್ಟಿನ ಗಿರಣಿಯ ಹಳೆ ಡೀಸೆಲ್ ಎಂಜಿನ್ ನೋಡಿದವರಿಗೆ ಫ್ಲೈವೀಲ್ ಅಂದರೆ ಇಬ್ಬರು ಸೇರಿದರೂ ಎತ್ತಲಾಗದ ಕಬ್ಬಿಣದ ಗಾಲಿ. ಎಂಜಿನ್ನಿನ ಜೊತೆಗೆ ಫ್ಲೈವೀಲನ್ನೂ ಬಳಸುವ ಹೈಬ್ರಿಡ್ ವಾಹನದಲ್ಲೂ ಗಾಲಿ ಭಾರವಾದಷ್ಟೂ ಶಕ್ತಿ ಹೆಚ್ಚು ಎಂಬ ನಂಬಿಕೆ ಅಲ್ಲಿಂದಲೇ ಬಂದಿರಬೇಕು.

ಲೆಕ್ಕ ಬೇರೆ ಇದೆ. ತೂಕ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟೇ. ತಿರುಗುವ ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲೈವೀಲಿನ ಬಲದಿಂದ ಓಡಿದ ಗೈರೋಬಸ್ಸಿನ ಗಾಲಿ ಸುಮಾರು ಒಂದೂವರೆ ಟನ್ ತೂಗುತ್ತಿತ್ತು, ನಿಮಿಷಕ್ಕೆ 3,000 ಸುತ್ತು ಹಾಕುತ್ತಿತ್ತು. 2010ರ ದಶಕದ ಆರಂಭದಲ್ಲಿ ವೋಲ್ವೊ ತನ್ನ ಎಸ್60 ಕಾರಿನಲ್ಲಿ ಪರೀಕ್ಷಿಸಿದ ಕಾರ್ಬನ್ ಫೈಬರ್ ಗಾಲಿಯ ತೂಕ ಬರೀ 6 ಕಿಲೋ, ಅಗಲ 20 ಸೆಂಟಿಮೀಟರ್. ವೇಗ ಮಾತ್ರ ನಿಮಿಷಕ್ಕೆ 60,000 ಸುತ್ತಿನವರೆಗೆ. ಆಗ ಅದರ ಅಂಚು ಸೆಕೆಂಡಿಗೆ 600 ಮೀಟರಿಗೂ ಹೆಚ್ಚು ಸಾಗುತ್ತದೆ, ಶಬ್ದಕ್ಕಿಂತ ವೇಗವಾಗಿ. ಗಾಳಿ ತಾಗಿದರೆ ಕಾದು ಕೆಡುತ್ತದೆಂದು ಅದನ್ನು ನಿರ್ವಾತದ ಪೆಟ್ಟಿಗೆಯಲ್ಲಿಟ್ಟಿದ್ದರು.

ಫ್ಲೈವೀಲ್ ಪುಕ್ಕಟೆ ಶಕ್ತಿ ಕೊಡುತ್ತದೆ ಎಂಬುದು ಇನ್ನೊಂದು ನಂಬಿಕೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಅದಕ್ಕೆ ನೀರೆರೆಯುತ್ತಿವೆ. ಕುಂಬಾರ ಕೋಲಿನಿಂದ ತಿರುಗಿಸದೆ ತಿಗರಿ ತಿರುಗದು; ಫ್ಲೈವೀಲಿಗೂ ಶಕ್ತಿ ಬೇರೆಡೆಯಿಂದಲೇ ಬರಬೇಕು. ಒಂದೂವರೆ ಟನ್ನಿನ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಬ್ರೇಕ್ ಹಾಕಿ ನಿಂತಾಗ ಕಳೆದುಹೋಗುವ ಶಕ್ತಿಯಿಂದ ಒಂದು ಲೀಟರ್ ನೀರಿನ ಬಿಸಿಯನ್ನು 50 ಡಿಗ್ರಿ ಏರಿಸಬಹುದು. ಪ್ರತಿ ಸಿಗ್ನಲ್ಲಿನಲ್ಲೂ ಬ್ರೇಕಿನ ಬಿಸಿಯಾಗಿ ಬೀದಿಪಾಲಾಗುವ ಈ ಶಕ್ತಿಯಲ್ಲೊಂದು ಪಾಲನ್ನು ಗಾಲಿ ಹಿಡಿದಿಟ್ಟು, ಕಾರು ಮತ್ತೆ ಹೊರಡುವಾಗ ಹಿಂದಿರುಗಿಸುತ್ತದೆ. ಇಂಧನ ಶೇ. 25ರವರೆಗೆ ಉಳಿಯಬಹುದೆಂದು ವೋಲ್ವೊ ಹೇಳಿದ್ದು ಇದರ ಬಲದಿಂದಲೇ. ಆ ಅಂಕಿಯನ್ನು ಎಲ್ಲ ರಸ್ತೆಗೂ ಅನ್ವಯಿಸಬಾರದು: ಬ್ರೇಕ್ ಮುಟ್ಟದೆ ಹೆದ್ದಾರಿಯಲ್ಲಿ ಸಾಗುವವರಿಗೆ ಗಾಲಿ ಹೊತ್ತದ್ದಷ್ಟೇ ಬಂತು.

ಇದು ಬ್ಯಾಟರಿಗೆ ಬದಲಿಯೂ ಅಲ್ಲ. ರಾತ್ರಿ ತುಂಬಿಸಿಟ್ಟರೆ ಬೆಳಗಿನ ಹೊತ್ತಿಗೆ ಗಾಲಿ ನಿಧಾನವಾಗಿರುತ್ತದೆ. ಆದರೆ ಬಸ್ ನಿಲ್ದಾಣದಲ್ಲಿ ಜನ ಹತ್ತಿ ಇಳಿಯುವಷ್ಟು ಹೊತ್ತು ಶಕ್ತಿ ಉಳಿದರೆ ಸಾಕಲ್ಲ! ಇಂಗ್ಲೆಂಡಿನ ಸ್ಟೌರ್‌ಬ್ರಿಜ್‌ನಲ್ಲಿ ಸುಮಾರು 1.3 ಕಿ.ಮೀ. ಹಳಿಯ ಮೇಲೆ 2009ರಿಂದ ಓಡಾಡುವ ಪುಟ್ಟ ರೈಲು ಹೀಗೆಯೇ ನಡೆಯುತ್ತದೆ: ಸಣ್ಣ ಎಲ್‌ಪಿಜಿ ಎಂಜಿನ್, ಜೊತೆಗೊಂದು ಗಾಲಿ.

ಗಾಲಿ ಒಡೆದರೆ ಬಾಂಬು ಸಿಡಿದಂತೆ ಎಂಬ ಭಯ ಉಕ್ಕಿನ ಕಾಲದ್ದು. ಕಾರ್ಬನ್ ಫೈಬರ್ ಗಾಲಿ ದೊಡ್ಡ ಚೂರುಗಳಾಗಿ ಹಾರದೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ಸುತ್ತಲಿನ ಗಟ್ಟಿ ಕವಚ ಅದನ್ನು ತಡೆಹಿಡಿಯಬಲ್ಲದು. 2012ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದ ಆಡಿ ಆರ್18 ಕಾರು, ಚಾಲಕನ ಪಕ್ಕದಲ್ಲೇ ಇಂಥ ಗಾಲಿಯನ್ನಿಟ್ಟುಕೊಂಡು ಓಡಿತ್ತು.