ಹಳೆಯ ಕಾರಿಗೆ ಬೆನ್ನಲ್ಲೊಂದು ಕಣ್ಣು

"ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ... ಹೋಲ್ಡಾನ್!"

ಡಿಕ್ಕಿಯ ಮೇಲೆ ಅಂಗೈ ಬಡಿಯುತ್ತ ಹೀಗೆ ಕೂಗುವ ದನಿಯನ್ನು ಕೇಳದ ಓಣಿ ದಾವಣಗೆರೆಯಲ್ಲಾಗಲಿ, ಪಕ್ಕದ ಹರಿಹರದಲ್ಲಾಗಲಿ ಇರಲಿಕ್ಕಿಲ್ಲ. ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಕಾರಿಗೆ ಹಿಂಬದಿಯ ಕಣ್ಣು ಎಂದರೆ ಈ ದನಿಯೇ. ಕ್ಲೀನರ್ ಹುಡುಗ, ಮನೆಯ ಮಗ, ಅಂಗಡಿಯ ಆಳು, ಯಾರೂ ಸಿಗದಿದ್ದರೆ ದಾರಿಹೋಕ! ಒಟ್ಟಿನಲ್ಲಿ ಯಾರಾದರೊಬ್ಬರು ಹಿಂದೆ ನಿಂತು ದಾರಿ ಹೇಳುತ್ತಿದ್ದರು.

ಈಗ ಹಾಗೆ ನಿಲ್ಲುವವರು ಕಡಿಮೆ. ಮನೆಯಲ್ಲಿ ಜನ ಕಡಿಮೆಯಾದರು, ಓಣಿಯಲ್ಲಿ ಬೈಕು, ಸ್ಕೂಟರುಗಳು ಹೆಚ್ಚಾದವು. ಆದರೆ ಅಜ್ಜನ ಕಾಲದ ಕಾರು ಮಾತ್ರ ಕೆಲವು ಮನೆಗಳಲ್ಲಿ ಇನ್ನೂ ಹೊಳೆಯುತ್ತ ನಿಂತಿದೆ. ಹಬ್ಬಕ್ಕೆ, ಮದುವೆಗೆ, ಭಾನುವಾರದ ಒಂದು ಸುತ್ತಿಗೆ ಅದು ಹೊರಬರುತ್ತದೆ. ಇಂಥ ಮನೆಗಳಲ್ಲಿ ಒಂದು ವಾದ ಏಳುವುದು ಸಹಜ. ಎಂಜಿನಿಯರಿಂಗ್ ಓದುವ ಮೊಮ್ಮಗ, "ಅಜ್ಜ, ಹಿಂದೆ ಒಂದು ಕ್ಯಾಮೆರಾ ಹಾಕ್ಸಿಬಿಡೋಣ" ಎನ್ನುತ್ತಾನೆ. "ಆ ಬಂಪರ್‌ಗೆ ತೂತು ಕೊರೀತೀರೇನೋ? ಬ್ಯಾಡಪ್ಪ" ಎಂಬುದು ಅಜ್ಜನ ಉತ್ತರ.

ಇಬ್ಬರ ಮಾತಿನಲ್ಲೂ ಹುರುಳಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮುಂಚೆಯೇ ಹೋಯಿತು. ಒಮ್ಮೆ ಕೊರೆದ ಬಂಪರ್‌ಗೆ ಬದಲಿ ಹುಡುಕುವುದು ಸುಲಭವಲ್ಲ. ಆದರೆ ಕಾರಿನ ಹಿಂದೆ ಆಡುತ್ತಿರುವ ಮಗುವಿಗೆ ಬದಲಿ ಎಂಬುದೇ ಇಲ್ಲ. ಹಾಗಾದರೆ ಕಾರಿನ ಮೂಲ ರೂಪವನ್ನೂ ಉಳಿಸಿ, ಮಗುವನ್ನೂ ಕಾಯುವ ದಾರಿ ಇದೆಯೆ? ಇದೆ. ಅದಕ್ಕೆ ಬೇಕಾದದ್ದು ಡ್ರಿಲ್ಲಿಂಗ್ ಯಂತ್ರಕ್ಕಿಂತ ಹೆಚ್ಚಾಗಿ ಅಳತೆಪಟ್ಟಿ ಮತ್ತು ತಾಳ್ಮೆ.

ಕಾಣದ ಜಾಗ ಎಷ್ಟು?

ಮೊದಲು ಸಮಸ್ಯೆಯನ್ನು ಅಳೆಯಬೇಕು. ಹಳೆಯ ಕಾರುಗಳ ಹಿಂದಿನ ಗಾಜು ಚಿಕ್ಕದು, ಡಿಕ್ಕಿ ಎತ್ತರ. ಎಷ್ಟೋ ಕಾರುಗಳಿಗೆ ಎಡಗಡೆ ಹೊರಗನ್ನಡಿಯೇ ಇಲ್ಲ. ಇದರಿಂದ ಉಂಟಾಗುವ ಕುರುಡು ಜಾಗವನ್ನು ತಿಳಿಯಲು ಒಂದು ಸುಲಭ ಪ್ರಯೋಗವಿದೆ. ಮಕ್ಕಳು ಹೆತ್ತವರ ಜೊತೆಗೂಡಿ ರಜಾದಿನದಲ್ಲಿ ಮಾಡಬಹುದು.

ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಒಬ್ಬರು ಚಾಲಕನ ಸೀಟಿನಲ್ಲಿ ಕುಳಿತು ಒಳಗನ್ನಡಿಯಲ್ಲಿ ಹಿಂದೆ ನೋಡಲಿ. ಇನ್ನೊಬ್ಬರು ಎರಡೂವರೆ ಅಡಿ ಉದ್ದದ ಕೋಲನ್ನು ಬಂಪರ್ ಹಿಂದೆ ನೇರವಾಗಿ ಹಿಡಿದು ನಿಧಾನವಾಗಿ ಹಿಂದೆ ಸರಿಯಲಿ. ಕೋಲಿನ ತುದಿ ಕನ್ನಡಿಯಲ್ಲಿ ಕಂಡ ಕೂಡಲೇ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಬಂಪರ್‌ನಿಂದ ಅಲ್ಲಿಯವರೆಗೆ ಅಳೆಯಿರಿ. ಎರಡೂವರೆ ಅಡಿ ಎಂದರೆ ಆಗತಾನೆ ನಡೆಯಲು ಕಲಿತ ಮಗುವಿನ ಎತ್ತರ. ಆ ಗುರುತಿನವರೆಗೆ ಮಗು ಎಲ್ಲಿ ನಿಂತಿದ್ದರೂ ಕನ್ನಡಿಗೆ ಕಾಣುವುದಿಲ್ಲ! ಅಂತರ ಕಾರಿನಿಂದ ಕಾರಿಗೆ, ಚಾಲಕನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೆ ಅಳೆದವರು ಬೆಚ್ಚದೆ ಇರಲಾರರು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ 2002ರಲ್ಲಿ ತಂದೆಯೊಬ್ಬರು ಮನೆಯಂಗಳದಲ್ಲಿ ವಾಹನವನ್ನು ಹಿಂದಕ್ಕೆ ತೆಗೆಯುವಾಗ ಅವರ ಎರಡು ವರ್ಷದ ಮಗುವೇ ಸಿಲುಕಿ ಸತ್ತಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ 2008ರಲ್ಲಿ ಕಾಯ್ದೆಯೊಂದು ಬಂತು. ಇಂಥ ಅಪಘಾತಗಳಲ್ಲಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಾರೆ, ಸತ್ತವರಲ್ಲಿ ಶೇ. 31ರಷ್ಟು ಐದು ವರ್ಷದೊಳಗಿನ ಮಕ್ಕಳು ಎಂದು ಅಲ್ಲಿನ ಹೆದ್ದಾರಿ ಸುರಕ್ಷಾ ಇಲಾಖೆ 2014ರಲ್ಲಿ ಅಂದಾಜು ಮಾಡಿತು. 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದಕ್ಕೂ ಹಿಂದಿನ ಕಾರುಗಳನ್ನು ಈ ನಿಯಮ ಮುಟ್ಟುವುದಿಲ್ಲ. ಅವುಗಳ ಹೊಣೆ ಮಾಲೀಕರದೇ.

ಬಾವಲಿಯ ವಿದ್ಯೆ

ಸೆನ್ಸರ್ ಎಂಬುದು ಬಾವಲಿಯ ವಿದ್ಯೆಯನ್ನೇ ಕಲಿತ ಗುಂಡಿ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಸೆನ್ಸರ್ ಸಾಮಾನ್ಯವಾಗಿ 40,000 ಕಂಪನಗಳ ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಗೆ ಕಾಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಶಬ್ದ ಹೋಗಿಬರಲು ಎರಡು ಮೀಟರ್ ಸಾಗಬೇಕು. ಅದಕ್ಕೆ ಹಿಡಿಯುವ ಸಮಯ ಸುಮಾರು 6 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಆರು ಭಾಗ. ಈ ಲೆಕ್ಕ ಮಾಡಿ 'ಬೀಪ್' ಎನ್ನಿಸುವುದೇ ಒಳಗಿನ ಪುಟ್ಟ ಪೆಟ್ಟಿಗೆಯ ಕೆಲಸ.

ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 343 ಮೀಟರ್ ಇದ್ದದ್ದು 40 ಡಿಗ್ರಿಯಲ್ಲಿ ಸುಮಾರು 355 ಆಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಯಂತ್ರ ಕಡುಬೇಸಿಗೆಯಲ್ಲಿ ಮೀಟರಿಗೆ ಮೂರೂವರೆ ಸೆಂಟಿಮೀಟರ್ ತಪ್ಪಬಹುದು. ಕಾರು ನಿಲ್ಲಿಸಲು ಇದು ದೊಡ್ಡ ತಪ್ಪಲ್ಲ, ಆದರೆ ಪಠ್ಯಪುಸ್ತಕದ ಸೂತ್ರ ಮನೆಯಂಗಳಕ್ಕೆ ಇಳಿಯುವುದು ಹೀಗೆ.

ಸೆನ್ಸರ್‌ಗೂ ಮಿತಿಗಳಿವೆ. ತೆಳ್ಳನೆಯ ಕಂಬಿ, ಮೆತ್ತನೆಯ ಬಟ್ಟೆಯ ಮೂಟೆ, ತೀರ ತಗ್ಗಿನ ಕಲ್ಲು ಅದರ ಕಣ್ಣು ತಪ್ಪಿಸಬಹುದು. ತೀರ ಹತ್ತಿರಕ್ಕೆ ಬಂದ ವಸ್ತುವಿನ ದೂರವನ್ನು ಅದು ಸರಿಯಾಗಿ ಹೇಳಲಾರದು. ಆದ್ದರಿಂದ ಜೊತೆಗೆ ಕ್ಯಾಮೆರಾ ಇರುವುದು ಲೇಸು. ಕಾರಿನ ಹಿಂದೆ ಕ್ಯಾಮೆರಾ ಇಡುವ ಯೋಚನೆ ನಿನ್ನೆ ಮೊನ್ನೆಯದಲ್ಲ. 1956ರಲ್ಲಿ ಅಮೆರಿಕದ ಬ್ಯೂಕ್ ಕಂಪನಿ ಪ್ರದರ್ಶನಕ್ಕೆಂದು ತಯಾರಿಸಿದ ಸೆಂಚೂರಿಯನ್ ಕಾರಿನಲ್ಲಿ ಹಿನ್ನೋಟದ ಕನ್ನಡಿಯ ಬದಲು ಟೆಲಿವಿಷನ್ ಕ್ಯಾಮೆರಾವನ್ನೇ ಇಟ್ಟಿದ್ದರು. ನಮ್ಮಲ್ಲಿ ಅಂಬಾಸಿಡರ್ ಇನ್ನೂ ರಸ್ತೆಗಿಳಿಯದ ಕಾಲವದು!

ಕೊರೆಯದೆ ಕೂರಿಸುವ ಕಲೆ

ಅಂಗಡಿಯಲ್ಲಿ ಸಿಗುವ ಸೆನ್ಸರ್‌ಗಳು ಪ್ಲಾಸ್ಟಿಕ್ ಬಂಪರ್‌ಗೆಂದು ಮಾಡಿದಂಥವು. ಅವನ್ನು ಕೂರಿಸಲು ಸುಮಾರು ಎರಡು ಸೆಂಟಿಮೀಟರ್ ಅಗಲದ ತೂತುಗಳು ಬೇಕು. ಹಳೆಯ ಕಾರಿನ ಕ್ರೋಮ್ ಲೇಪದ ಉಕ್ಕಿನ ಬಂಪರ್ ಕೊರೆದರೆ ಲೇಪ ಒಡೆದು, ಅಲ್ಲಿಂದಲೇ ತುಕ್ಕು ಶುರು. ಬಂಪರ್ ಒಳಗೆ ಅಂಟಿಸುವ ಪಟ್ಟಿಯ ಸೆನ್ಸರ್ ಕೂಡ ಲೋಹದ ಬಂಪರ್‌ಗೆ ಒಗ್ಗುವುದಿಲ್ಲ.

ಇದಕ್ಕೆ ಎರಡು ಉಪಾಯ. ಒಂದು, ಸೆನ್ಸರ್ ಮತ್ತು ಕ್ಯಾಮೆರಾ ಎರಡೂ ಇರುವ ನಂಬರ್ ಪ್ಲೇಟಿನ ಚೌಕಟ್ಟು. ಪ್ಲೇಟಿನ ಹಳೆಯ ಬೋಲ್ಟುಗಳಿಗೇ ಅದು ಕೂರುತ್ತದೆ. ಆದರೆ ಅಂಕಿ ಅಕ್ಷರಗಳು ಮರೆಯಾಗಕೂಡದು. ಇನ್ನೊಂದು, ಬಂಪರ್ ಹಿಡಿದಿರುವ ಬೋಲ್ಟುಗಳಿಗೇ ಸಿಕ್ಕಿಸುವ ತೆಳುವಾದ ಲೋಹದ ಪಟ್ಟಿ. ಸೆನ್ಸರ್‌ಗಳು ಬಂಪರ್ ಕೆಳಗೆ ಅದರ ಮೇಲೆ ಕೂರುತ್ತವೆ. ಸಾಧಾರಣವಾಗಿ ನೆಲದಿಂದ ಅರ್ಧ ಮೀಟರಿಗೆ ಕಡಿಮೆಯಾಗದ ಎತ್ತರ ಒಳ್ಳೆಯದು. ಅದಕ್ಕಿಂತ ತಗ್ಗಿದರೆ ನೆಲವನ್ನೇ ಗೋಡೆಯೆಂದು ತಿಳಿದು ಕೂಗಬಹುದು. ಆಗ ಮುಖವನ್ನು ತುಸು ಮೇಲಕ್ಕೆ ಓರೆ ಮಾಡಬೇಕು.

ಇಂಥ ಪಟ್ಟಿ ಮಾಡಿಸಲು ದೂರ ಹೋಗಬೇಕಾಗಿಲ್ಲ. ಹರಿಹರ ಯಂತ್ರ ಕೆಲಸಕ್ಕೆ ಹೆಸರಾದ ಊರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಒಂದು ಕಾಲಕ್ಕೆ ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೆ ಅಳೆದು, ಮತ್ತೊಮ್ಮೆ ಅಳೆದು, ಆಮೇಲೆ ಕತ್ತರಿಸುವ ಅದರ ಪಾಠ ಮುಚ್ಚಿಹೋಗಬೇಕಾಗಿಲ್ಲ. ದಾವಣಗೆರೆಯಲ್ಲಿ 1951ರಲ್ಲಿ ಶುರುವಾದ ಬಿಡಿಟಿ, 1979ರಲ್ಲಿ ಬಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಮನೆಗೆಲಸ ಯಾವುದಿದೆ? ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಕಾರಿಗೆ ಹಿಡಿದು ನೋಡಿ, ಆಮೇಲೆ ವರ್ಕ್‌ಶಾಪಿಗೆ ಒಯ್ದರೆ ಲೋಹವೂ ಹಣವೂ ಉಳಿಯುತ್ತದೆ.

ವೈರಿಂಗ್: ಇಲ್ಲಿ ಎಚ್ಚರ!

ಪರದೆಯನ್ನು ಒಳಗನ್ನಡಿಗೆ ಸಿಕ್ಕಿಸುವಂಥದ್ದನ್ನು ಆರಿಸಿದರೆ ಡ್ಯಾಶ್‌ಬೋರ್ಡ್ ಮುಟ್ಟುವ ಅಗತ್ಯವಿಲ್ಲ. ಪ್ರದರ್ಶನದ ದಿನ ಬಿಚ್ಚಿಡಬಹುದು. ಕ್ಯಾಮೆರಾದ ಚಿತ್ರ ಕನ್ನಡಿಯಂತೆ ಎಡಬಲ ಅದಲುಬದಲಾಗಿ ಕಾಣಬೇಕು. ಇಲ್ಲದಿದ್ದರೆ ಬಲಕ್ಕಿರುವ ಗೋಡೆ ಎಡಕ್ಕೆ ಕಂಡು ಚಾಲಕ ತಬ್ಬಿಬ್ಬಾಗುತ್ತಾನೆ.

ಹೊಸ ಕಾರಿನಲ್ಲಿ ರಿವರ್ಸ್ ದೀಪಕ್ಕೆ ಬರುವ ವಿದ್ಯುತ್ತಿನಿಂದಲೇ ಇವು ನಡೆಯುತ್ತವೆ. ಗೇರ್ ಹಾಕಿದರೆ ಜೀವ, ತೆಗೆದರೆ ಮೌನ. ಅನೇಕ ಹಳೆಯ ಕಾರುಗಳಿಗೆ ರಿವರ್ಸ್ ದೀಪವೇ ಇಲ್ಲ. ಅಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಪ್ರತ್ಯೇಕ ಸ್ವಿಚ್ಚು, ಚಾಲೂ ಇದೆಯೆಂದು ತೋರಿಸಲು ಒಂದು ಪುಟ್ಟ ದೀಪ ಇಟ್ಟರಾಯಿತು.

"ಹಳೆಯ ಡೈನಮೋಗೆ ಇದರ ಭಾರ ತಡೆಯುತ್ತದೆಯೆ?" ಎಂಬುದು ಹಲವರ ಶಂಕೆ. ಲೆಕ್ಕ ಹಾಕಿ. 21 ವಾಟ್‌ನ ಒಂದು ದೀಪ 12 ವೋಲ್ಟ್‌ನಲ್ಲಿ ಎಳೆಯುವ ವಿದ್ಯುತ್ತು 1.75 ಆಂಪಿಯರ್. ಕ್ಯಾಮೆರಾ, ಚಿಕ್ಕ ಪರದೆ, ಸೆನ್ಸರ್ ಎಲ್ಲ ಸೇರಿದರೂ ಸಾಮಾನ್ಯವಾಗಿ ಒಂದು ಆಂಪಿಯರ್ ದಾಟುವುದಿಲ್ಲ. ಭಾರ ಭಯಪಡುವಷ್ಟಿಲ್ಲ. ಭಯ ಇರುವುದು ಹಳೆಯ ವೈರಿನಲ್ಲಿ. ದಶಕಗಳ ಬಿಸಿಲಿಗೆ ಒಣಗಿದ ರಬ್ಬರ್ ಹೊದಿಕೆ ಬಿರುಕು ಬಿಟ್ಟಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕೂ ಹಿಂದೆಯೇ ಇರುತ್ತದೆ. ಅಲ್ಲಿ ಒಂದು ಕಿಡಿ ಸಾಕು.

ಆದ್ದರಿಂದ ಈ ಐದು ಮಾತು ನೆನಪಿರಲಿ. ಕೆಲಸಕ್ಕೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಬೇಕು. ವಿದ್ಯುತ್ತು ಪಡೆಯುವ ಜಾಗದಲ್ಲೇ 2 ಆಂಪಿಯರ್ ಫ್ಯೂಸ್ ಇರಬೇಕು. ತಗಡಿನ ಮೂಲಕ ಹಾಯುವ ವೈರಿಗೆ ರಬ್ಬರ್ ಬಳೆ ಬೇಕು. ಆದಷ್ಟೂ ಮೊದಲೇ ಇರುವ ರಂಧ್ರಗಳನ್ನೇ ಬಳಸಬೇಕು. ಹಳೆಯ ವೈರನ್ನು ಕತ್ತರಿಸದೆ ಕನೆಕ್ಟರ್ ಮೂಲಕವೇ ಜೋಡಿಸಬೇಕು.

ಇನ್ನೊಂದು ಗುಟ್ಟಿದೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿ ಬಾಡಿಗೆ ಸೇರಿರುತ್ತದೆ. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಇದು ತಿರುಗುಮುರುಗು; ಧನ ತುದಿ ಬಾಡಿಗೆ. ಎರಡನೇ ಮಹಾಯುದ್ಧದ ಕಾಲದ ಜೀಪುಗಳಲ್ಲಂತೂ ಇದ್ದದ್ದು 6 ವೋಲ್ಟ್ ವ್ಯವಸ್ಥೆ. ಇದನ್ನು ಪರೀಕ್ಷಿಸದೆ 12 ವೋಲ್ಟ್‌ನ ಹೊಸ ಕ್ಯಾಮೆರಾ ಜೋಡಿಸಿದರೆ ಅದು ಸುಡಬಹುದು, ಇಲ್ಲವೆ ಶಾರ್ಟ್ ಆಗಬಹುದು. ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆಯೇ ಮುಂದಿನ ಮಾತು. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ. ಹುಡುಗರು ಕೈ ಜೋಡಿಸಿ ಕಲಿಯಲಿ.

ಕಾನೂನು ಏನೆನ್ನುತ್ತದೆ?

ನೋಂದಣಿಯ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಿಯಾಗುತ್ತದೆ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರಬೇಕೆಂಬುದು ಅದರ ಷರತ್ತು. ಬಿಚ್ಚಿ ತೆಗೆಯಬಹುದಾದ ಕ್ಯಾಮೆರಾ ಇವು ಯಾವುದನ್ನೂ ಮುಟ್ಟುವುದಿಲ್ಲ. ಕೊರೆಯದೆ ಕೂರಿಸಬೇಕೆಂಬ ಅಜ್ಜನ ಹಟಕ್ಕೆ ಇದೂ ಒಂದು ಸಮರ್ಥನೆ. ಆದರೂ ಅನುಮಾನವಿದ್ದರೆ ಕೆಲಸ ಶುರು ಮಾಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಗೂ ಬೇಕು ನಮ್ಮ ಕಣ್ಣು

ಎಲ್ಲ ಕೂರಿಸಿಯಾಯಿತು, ಪರದೆ ಬೆಳಗಿತು, ಬೀಪ್ ಕೇಳಿಸಿತು. ಇನ್ನು ನಿಶ್ಚಿಂತೆಯೆ? ಮತ್ತೊಂದು ಲೆಕ್ಕ ನೋಡಿ. ಗಂಟೆಗೆ ಬರೀ 5 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 1.4 ಮೀಟರ್ ಸಾಗಿರುತ್ತದೆ. ಬೀಪ್ ಕೇಳಿ, 'ಏನಿದು?' ಎಂದುಕೊಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡು ಕಳೆದಿರುತ್ತದೆ. ಅಗಲ ನೋಟದ ಲೆನ್ಸು ಹತ್ತಿರದ್ದನ್ನೂ ದೂರವೆಂಬಂತೆ ತೋರಿಸುತ್ತದೆ. ಮಳೆಹನಿ, ಕೆಸರು, ಧೂಳು ಅದನ್ನು ಕುರುಡು ಮಾಡುತ್ತವೆ.

ಹೀಗಾಗಿ ಹೆತ್ತವರು ಬೆಳೆಸಿಕೊಳ್ಳಬೇಕಾದ ಅಭ್ಯಾಸ ಹಳೆಯದೇ: ಕಾರು ಹತ್ತುವ ಮೊದಲು ಒಂದು ಸುತ್ತು ಬಂದು ನೋಡುವುದು, ಚಿಕ್ಕ ಮಕ್ಕಳು ಮನೆಯವರ ಕೈಯಲ್ಲಿದ್ದಾರೆಂದು ಖಾತ್ರಿ ಮಾಡಿಕೊಳ್ಳುವುದು, ನಡಿಗೆಗಿಂತ ನಿಧಾನವಾಗಿ ಹಿಂದೆ ಸರಿಯುವುದು. ಮಕ್ಕಳಿಗೂ ಒಂದು ಮಾತು: ನಿಂತ ಕಾರಿನ ಹಿಂದೆ ಗೋಲಿ, ಲಗೋರಿ ಬೇಡ. ನಿಮಗೆ ಕಾರು ಕಾಣುತ್ತದೆ ಎಂದಮಾತ್ರಕ್ಕೆ ಕಾರಿನಲ್ಲಿ ಕುಳಿತವರಿಗೆ ನೀವು ಕಾಣುತ್ತೀರಿ ಎಂದಲ್ಲ.

ಸುತ್ತು ಬಂದು ನೋಡಲು ಬೇಕಾಗುವುದು ಅರ್ಧ ನಿಮಿಷ. ಕ್ಯಾಮೆರಾದ ಬೆಲೆ ಕೆಲವು ಸಾವಿರ ರೂಪಾಯಿ. ಎರಡೂ ಜೊತೆಗೂಡಿದರೆ ಅಜ್ಜನ ಕಾರೂ ಕೆಡುವುದಿಲ್ಲ, ಮೊಮ್ಮಕ್ಕಳೂ ಕ್ಷೇಮ.