ಅಂತರಜಾಲವೂ ತೊಗರಿಯ ಧಾರಣೆಯೂ

ಸುಗ್ಗಿಯು ಮುಗಿಯುತ್ತಿದ್ದಂತೆ ಯಾದಗಿರಿ ಜಿಲ್ಲೆಯ ರೈತರು ತೊಗರಿ, ಶೇಂಗಾ, ಭತ್ತ ಮುಂತಾದುವನ್ನು ಹೇರಿಕೊಂಡು ಮಾರುಕಟ್ಟೆಯ ಪ್ರಾಂಗಣಕ್ಕೆ ಬರುತ್ತಾರೆ. ಈ ಭಾಗದ ಜನರು ಅದನ್ನು ‘ಗಂಜ್’ ಎಂದು ಕರೆಯುವರು. ಒಂದು ವರ್ಷದ ದುಡಿಮೆಯ ಫಲವು ಅಲ್ಲಿ ಕೆಲವೇ ಗಂಟೆಗಳಲ್ಲಿ ಹಣವಾಗಿ ಮಾರ್ಪಡುತ್ತದೆ. ಆ ಕೆಲವು ಗಂಟೆಗಳಲ್ಲಿ ಮಾರುವವನಿಗೆ ಎಷ್ಟು ತಿಳಿದಿದೆ, ಕೊಳ್ಳುವವನಿಗೆ ಎಷ್ಟು ತಿಳಿದಿದೆ ಎಂಬುದನ್ನು ಧಾರಣೆಯು ಬಹುಮಟ್ಟಿಗೆ ಅವಲಂಬಿಸಿದೆ. ಅಂತರಜಾಲವು ವ್ಯಾಪಾರದ ಸ್ವರೂಪವನ್ನೇ ಬದಲಿಸುತ್ತಿದೆ ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಆ ಬದಲಾವಣೆಯು ಎಂತಹುದು? ಅದರ ಮಿತಿ ಎಲ್ಲಿದೆ? ಇದನ್ನು ಯಾದಗಿರಿ, ಶಹಾಪುರ, ಸುರಪುರಗಳ ನೆಲದ ಮೇಲೆಯೇ ನಿಂತು ವಿಚಾರ ಮಾಡೋಣ.

ಸುದ್ದಿಗೂ ಒಂದು ಕಾಲದಲ್ಲಿ ದಾರಿಯ ಸವೆತವಿದ್ದಿತು. ಮುಂಬಯಿ-ಮದರಾಸು ರೈಲುಮಾರ್ಗವು ೧೮೭೧ರಲ್ಲಿ ಪೂರ್ಣಗೊಂಡಾಗ ಯಾದಗಿರಿಯು ಆ ಮಾರ್ಗದ ಮೇಲಿನ ಊರಾಯಿತು. ರೈಲಿನ ಜೊತೆಗೆ ತಂತಿಯೂ ಬಂದುದರಿಂದ ದೂರದ ಪೇಟೆಯ ಧಾರಣೆಯನ್ನು ಅಲ್ಲಿ ಬೇಗನೆ ತಿಳಿಯುವುದು ಸಾಧ್ಯವಾಯಿತು. ಆದರೆ ಸುಮಾರು ೩೫ ಕಿಲೋಮೀಟರು ದೂರದ ಶಹಾಪುರಕ್ಕೂ, ಅಲ್ಲಿಂದ ಮತ್ತೆ ಸುಮಾರು ೨೫ ಕಿಲೋಮೀಟರು ಆಚೆಯ ಸುರಪುರಕ್ಕೂ ರೈಲು ಬರಲಿಲ್ಲ. ಸುದ್ದಿಯು ಮೊದಲು ಯಾರ ಕೈಗೆ ಸಿಕ್ಕುವುದೋ ಲಾಭವೂ ಅವರದೇ ಆಗುವುದು ಸಹಜ.

ಧಾರಣೆಯನ್ನು ಗುಟ್ಟಾಗಿ ಇಡುವ ಪದ್ಧತಿಯೂ ಇದ್ದಿತು. ಭಾರತದ ಅನೇಕ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ನಿಶ್ಚಯಿಸುತ್ತಿದ್ದರು. ಮಾಲಿನ ಒಡೆಯನಾದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಆಗ ಈ ಪ್ರದೇಶವು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ೧೯೩೦ರಲ್ಲಿಯೇ ಕೃಷಿ ಮಾರುಕಟ್ಟೆಗಳ ಕಾಯಿದೆ ಬಂದಿತು. ಏಕೀಕರಣದ ತರುವಾಯ ೧೯೬೬ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯಿದೆಯಾಯಿತು. ವೃತ್ತಪತ್ರಿಕೆಗಳು ಪೇಟೆ ಧಾರಣೆಯನ್ನು ಅಚ್ಚುಮಾಡಿದವು; ಬಾನುಲಿಯು ಅದನ್ನು ಮನೆಮನೆಗೆ ಸಾರಿತು. ಆದರೂ ಪತ್ರಿಕೆಯಲ್ಲಿದ್ದುದು ನಿನ್ನೆಯ ಬೆಲೆ.

ಸುದ್ದಿಯು ತಕ್ಷಣವೇ ದೊರೆತರೆ ಆಗುವುದೇನು? ಇದಕ್ಕೆ ಉತ್ತಮ ದೃಷ್ಟಾಂತವು ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಕಡಲತೀರದಲ್ಲಿದೆ. ೧೯೯೭ರಿಂದ ೨೦೦೧ರವರೆಗಿನ ಅವಧಿಯಲ್ಲಿ ಕೋಳಿಕ್ಕೋಡು, ಕಣ್ಣೂರು, ಕಾಸರಗೋಡುಗಳಿಗೆ ಒಂದರ ಬಳಿಕ ಒಂದಾಗಿ ಮೊಬೈಲು ಫೋನು ಬಂದಿತು. ಅದಕ್ಕೆ ಮೊದಲು ಒಂದು ದಡದಲ್ಲಿ ಬೂತಾಯಿ ಮೀನು ಕೊಳ್ಳುವವರಿಲ್ಲದೆ ವ್ಯರ್ಥವಾಗುತ್ತಿದ್ದರೆ, ಸಮೀಪದ ಇನ್ನೊಂದು ದಡದಲ್ಲಿ ಅದೇ ಮೀನಿಗೆ ಬರವಿರುತ್ತಿತ್ತು. ಫೋನು ಬಂದ ಮೇಲೆ ಮೀನುಗಾರರು ದೋಣಿಯಿಂದಲೇ ವಿಚಾರಿಸಿ, ಬೆಲೆಯಿರುವ ದಡಕ್ಕೆ ತಿರುಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀನುಗಾರರ ಲಾಭವು ಸರಾಸರಿ ಶೇಕಡಾ ೮ರಷ್ಟು ಹೆಚ್ಚಿತು. ಗ್ರಾಹಕರು ಕೊಡುವ ಬೆಲೆಯು ಶೇಕಡಾ ೪ರಷ್ಟು ಇಳಿಯಿತು. ಮೀನು ಹಾಳಾಗುವುದು ಹೆಚ್ಚುಕಡಮೆ ನಿಂತೇಹೋಯಿತು. ಮಾರುವವನಿಗೂ ಕೊಳ್ಳುವವನಿಗೂ ಏಕಕಾಲದಲ್ಲಿ ಲಾಭವಾದುದು ಗಮನಾರ್ಹ.

ಇನ್ನು ನಮ್ಮ ಗಂಜ್‌ಗಳಿಗೆ ಹಿಂದಿರುಗೋಣ. ೨೦೧೪ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಕ್ರಮೇಣ ರಾಜ್ಯದ ೧೫೦ಕ್ಕೂ ಹೆಚ್ಚು ಮಾರುಕಟ್ಟೆಗಳನ್ನು ಅಂತರಜಾಲದಿಂದ ಜೋಡಿಸಿತು. ಇದರ ಕ್ರಮ ಹೀಗಿದೆ: ಮಾಲು ಹೆಬ್ಬಾಗಿಲನ್ನು ದಾಟಿದೊಡನೆ ಅದಕ್ಕೊಂದು ಲಾಟು ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಮಾಲನ್ನು ಪರೀಕ್ಷಿಸಿ, ಗೊತ್ತಾದ ವೇಳೆಯೊಳಗೆ ತಮ್ಮ ತಮ್ಮ ಬೆಲೆಯನ್ನು ಗಣಕಯಂತ್ರದಲ್ಲಿ ದಾಖಲಿಸುತ್ತಾರೆ. ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದು. ವೇಳೆ ಮುಗಿದಾಗ ಅತ್ಯಧಿಕ ಬೆಲೆಯನ್ನು ಯಂತ್ರವೇ ಪ್ರಕಟಿಸುತ್ತದೆ. ರೈತನ ಮೊಬೈಲಿಗೆ ಸಂದೇಶ ಬರುತ್ತದೆ. ಒಪ್ಪುವುದೂ ಬಿಡುವುದೂ ಅವನ ಇಚ್ಛೆ.

ಕೂಗಿ ನಡೆಸುವ ಸವಾಲಿನಲ್ಲಿ ಖರೀದಿದಾರನು ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೇರಿದರೆ ಸಾಕು. ಮುಚ್ಚಿದ ಟೆಂಡರಿನಲ್ಲಿ ಎದುರಾಳಿಯ ಮನಸ್ಸು ತಿಳಿಯದುದರಿಂದ, ಮಾಲು ಬೇಕೆನ್ನುವವನು ತನ್ನ ಕೊನೆಯ ಬೆಲೆಯ ಸಮೀಪಕ್ಕೆ ಹೋಗಬೇಕಾಗುತ್ತದೆ. ಆದರೆ ಖರೀದಿದಾರರು ಅನೇಕರಿರಬೇಕು, ಅವರು ಒಳಗೊಳಗೇ ಮಾತಾಡಿಕೊಳ್ಳದೆ ಇರಬೇಕು. ನಾಲ್ವರು ಕೂಡಿ ಒಂದೇ ಬೆಲೆ ಬರೆದರೆ ಯಂತ್ರವು ಅದನ್ನು ತಾನಾಗಿ ತಿದ್ದಲಾರದು.

ಗಾಜಿನ ಎಳೆಗಳಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ವೇಗದಿಂದ ಓಡುತ್ತದೆ. ಮುಂಬಯಿಯಲ್ಲಿ ಬರೆದ ಬೆಲೆಯು ಯಾದಗಿರಿಯನ್ನು ತಲಪಲು ಈ ಎಳೆಗಳಲ್ಲಿ ಬೇಕಾಗುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವು ಮಾತ್ರ. ಹಾಗಿದ್ದ ಮೇಲೆ ಎಲ್ಲ ಬೆಳೆಗಳ ಧಾರಣೆಯೂ ಏರಬೇಕಷ್ಟೆ? ಸಂಶೋಧನೆಯು ಬೇರೆಯೇ ಹೇಳುತ್ತದೆ. ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಕರ್ನಾಟಕದ ಈ ವೇದಿಕೆಯ ಅಧ್ಯಯನವೊಂದು ಪ್ರಕಟವಾಯಿತು. ಭತ್ತದ ಧಾರಣೆಯು ಶೇಕಡಾ ೫.೧, ಶೇಂಗಾದ್ದು ೩.೬, ಮೆಕ್ಕೆಜೋಳದ್ದು ೩.೫ರಷ್ಟು ಹೆಚ್ಚಿದುದು ಅದರಲ್ಲಿ ಕಂಡುಬಂದಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ಪರಿಣಾಮವು ಕಾಣಲಿಲ್ಲ. ಯಾದಗಿರಿ ಸೀಮೆಯ ಹೊಲಗಳಲ್ಲಿ ಈ ಎರಡು ಗುಂಪಿನ ಬೆಳೆಗಳೂ ಇವೆ. ಆದುದರಿಂದ ಈ ಅಂಕಿಗಳು ಇಲ್ಲಿನ ಮನೆಮನೆಗೂ ಸಂಬಂಧಪಟ್ಟವು.

ಬೆಳೆಬೆಳೆಗೂ ಇರುವ ಈ ವ್ಯತ್ಯಾಸಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಒಂದು ಮೂಲತತ್ತ್ವವನ್ನು ನಾವು ಮರೆಯಬಾರದು. ತಂತಿಯಲ್ಲಿ ಹರಿಯುವುದು ಅಂಕಿಯೇ ಹೊರತು ಕಾಳಲ್ಲ. ಗಂಜ್‌ನ ಅನುಭವಿ ವ್ಯಾಪಾರಿಯು ಕಾಳನ್ನು ಹಲ್ಲಿನಿಂದ ಕಡಿದು, ಅಂಗೈಯಲ್ಲಿ ಉಜ್ಜಿ ಅದರ ಗುಣವನ್ನು ತಿಳಿಯುತ್ತಾನೆ. ದೂರದವನಿಗೆ ಆ ಅನುಕೂಲವಿಲ್ಲ. ೧೦೦ ಕಿಲೋ ತೊಗರಿಯಲ್ಲಿ ಶೇಕಡಾ ೧೬ರಷ್ಟು ತೇವವಿದೆ ಎಂದಿಟ್ಟುಕೊಳ್ಳೋಣ. ಅದನ್ನು ಶೇಕಡಾ ೧೨ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು ೯೫.೫ ಕಿಲೋ ಮಾತ್ರ. ಉಳಿದ ನಾಲ್ಕೂವರೆ ಕಿಲೋ ನೀರಿಗೆ ಬೆಲೆ ಕೊಡಲು ಯಾರೂ ಒಪ್ಪರು. ತೇವ ಎಷ್ಟೆಂದು ತಿಳಿಯದವನು ಕೆಟ್ಟುದನ್ನೇ ಊಹಿಸಿ ಕಡಮೆ ಬೆಲೆ ಬರೆಯುತ್ತಾನೆ, ಇಲ್ಲವೆ ದೂರವೇ ಉಳಿಯುತ್ತಾನೆ. ಕಾಳನ್ನು ಚೆನ್ನಾಗಿ ಒಣಗಿಸಿ ತಂದ ರೈತನಿಗೂ ಇದರಿಂದ ನಷ್ಟವೇ. ಗುಣದ ಅರಿವು ಒಂದು ಕಡೆಗೆ ಮಾತ್ರ ಇದ್ದರೆ ಒಳ್ಳೆಯ ಮಾಲಿಗೆ ಪೇಟೆಯಲ್ಲಿ ನ್ಯಾಯ ದೊರೆಯದೆಂದು ಜಾರ್ಜ್ ಅಕರ್ಲಾಫ್ ಅವರು ೧೯೭೦ರಲ್ಲಿಯೇ ತೋರಿಸಿದ್ದರು. ೨೦೦೧ರಲ್ಲಿ ಅವರು ನೊಬೆಲ್ ಪಾರಿತೋಷಕದ ಸಹಭಾಗಿಗಳಾದರು.

ಆದುದರಿಂದ ಗಣಕಯಂತ್ರದಷ್ಟೇ ಮುಖ್ಯವಾದುದು ಅದರ ಪಕ್ಕದಲ್ಲಿ ಇರಬೇಕಾದ ತೇವಮಾಪಕ, ಜರಡಿ ಮತ್ತು ನಿಷ್ಪಕ್ಷಪಾತವಾದ ಪರೀಕ್ಷಾಲಯ. ತೇವ, ಕಸ, ಮುರುಕು ಕಾಳು ಇವು ನಂಬಲರ್ಹವಾದ ಅಂಕಿಗಳಾದಾಗ ಮಾತ್ರ ಸುರಪುರದ ಚೀಲವೊಂದನ್ನು ದೂರದ ಗಿರಣಿಯವನು ಕಣ್ಣಿನಿಂದ ನೋಡದೆ ಕೊಂಡಾನು.

ಸುದ್ದಿಯ ವಿಷಯದಲ್ಲಿಯೂ ಇದೇ ನಿಯಮ. ಹಿಂದೆ ಸುದ್ದಿಯ ಅಭಾವವಿದ್ದಿತು. ಇಂದು ಅದರ ಪ್ರವಾಹವಿದೆ. ಮೊಬೈಲಿಗೆ ಬರುವ ‘ತೊಗರಿಗೆ ಭಾರೀ ಬೆಲೆ’ ಎಂಬ ಸಂದೇಶವನ್ನು ನಂಬಿ ಬಾಡಿಗೆ ಗಾಡಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಯಾವ ಪೇಟೆ? ಯಾವ ದಿನ? ಯಾವ ದರ್ಜೆ? ಸರ್ಕಾರದ ಧಾರಣೆಯ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆಗಳಿರುತ್ತವೆ. ಗರಿಷ್ಠವು ಒಂದೆರಡು ಉತ್ತಮ ಲಾಟುಗಳದು ಮಾತ್ರ ಆಗಿರಬಹುದು. ಹೆಚ್ಚಿನ ಮಾಲು ಮಾರಾಟವಾದ ಬೆಲೆಯು ಮಾದರಿ. ಸಾಗಣೆಯ ಖರ್ಚನ್ನು ಕಳೆಯಬೇಕಾದುದು ಈ ಮಾದರಿ ಬೆಲೆಯಿಂದ.

ಅಂತರಜಾಲವು ದೂರವನ್ನು ಅಳಿಸಿದೆ. ಅಪನಂಬಿಕೆಯನ್ನು ಅಳಿಸುವ ಕೆಲಸವು ತೂಕ, ಅಳತೆ, ಪರೀಕ್ಷೆಗಳಿಗೆ ಉಳಿದಿದೆ. ಓದುಬರಹ ಬಲ್ಲ ನಮ್ಮ ವಿದ್ಯಾರ್ಥಿಗಳು ಮುಂದಿನ ಸುಗ್ಗಿಯಲ್ಲಿ ತಂದೆಯೊಡನೆ ಗಂಜ್‌ಗೆ ಹೋದಾಗ ಧಾರಣೆಯ ಪಟ್ಟಿಯನ್ನು ಓದಿ ಹೇಳಲಿ, ತೇವದ ಅಂಕಿಯನ್ನು ಕೇಳಿ ಬರೆದುಕೊಳ್ಳಲಿ. ಶಾಲೆಯಲ್ಲಿ ಕಲಿತ ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಉಪಯುಕ್ತವಾದ ಪ್ರಯೋಗವು ಬೇರೆ ದೊರೆಯಲಾರದು.